ಐತವಾರದ ಉಪವಾಸ

ಇಜೇರಿಯ ಪಂಚಶೀಲಾ ಅವರ ಬಗ್ಗೆ ಬರೆಯಲು ನನಗೆ ಮುಖವಿಲ್ಲ. ಆದರೂ ಬರೆಯುತ್ತಿದ್ದೇನೆ. ಅವರು ನಮ್ಮ ಸಂತೆಗೆ ಬರುವುದನ್ನು ಯಾಕೆ ಬಿಟ್ಟರು ಎಂದು ಸಂತೆ ನಡೆಸುವವರಲ್ಲಿ ಸರಿಯಾಗಿ ಬಲ್ಲವನು ನಾನೊಬ್ಬನೇ. ಬಿಡಿಸಿದವನೂ ನಾನೇ.

ಅವರಿಗೆ ಈಗ ನಲವತ್ತರ ಆಸುಪಾಸು. ಕಲಬುರಗಿಯಲ್ಲಿ ಪಿಯುಸಿ ಮುಗಿಸಿ ನರ್ಸ್ ಆಗಬೇಕೆಂದಿದ್ದವರು ಮದುವೆಯಾಗಿ ಇಜೇರಿಗೆ ಬಂದರು. ಗಂಡ ಜಗದೇವ ಟಂಟಂ ಆಟೊ ಓಡಿಸುತ್ತಾರೆ. ಒಂದೂವರೆ ಎಕರೆ ಎರೆ ಹೊಲವಿದೆ, ಹಿಂಗಾರಿಗೆ ಅದರಲ್ಲಿ ಮಾಲದಂಡಿ ಜೋಳ. ಬಂದ ಹೊಸದರಲ್ಲಿ ಅವರಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲವಂತೆ. ಅತ್ತೆ ಸಾಬವ್ವ ಹಂಚಿನ ಮೇಲಿದ್ದುದನ್ನು ನೋಡಿ, "ಇದು ಯಾವ ದೇಶದ ನಕಾಶಿ ಬೇ?" ಎಂದು ಕೇಳುತ್ತಿದ್ದರಂತೆ. ಅದೇ ಅತ್ತೆಯ ಕೈಯಲ್ಲಿ ಪಳಗಿದ ಸೊಸೆಯ ಕಡಕ್ ರೊಟ್ಟಿ ಈಗ ಹಪ್ಪಳದಷ್ಟು ತೆಳು, ತಿಂಗಳಿಟ್ಟರೂ ಕೆಡುವುದಿಲ್ಲ.

ಇನ್ನು ನನ್ನ ಬಗ್ಗೆ. ಹೆಸರು ಅರುಣಕುಮಾರ, ಜೇವರ್ಗಿಯಲ್ಲಿ ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು. ಸಂವಿಧಾನದ ಪಾಠಕ್ಕೆ ನಾನು ನಿಂತರೆ ಪಕ್ಕದ ಕ್ಲಾಸಿನವರೂ ಕಿಟಕಿಗೆ ಬರುತ್ತಿದ್ದರು ಎಂದು ಈಗಲೂ ಹೇಳಿಕೊಂಡು ತಿರುಗುತ್ತೇನೆ. ನಮ್ಮದು ಬೆಳಗ್ಗೆ ಎದ್ದು ವಚನ ಓದುವ ಮನೆ. ಕಾಯಕ, ದಾಸೋಹ ಎಲ್ಲ ನಮ್ಮ ನಾಲಿಗೆಯ ತುದಿಯಲ್ಲೇ ಇರುತ್ತವೆ. ಅಲ್ಲಿಂದ ಕೆಳಗೆ ಇಳಿದಿರಲಿಲ್ಲ ಎನ್ನುವುದು ಆಮೇಲೆ ಗೊತ್ತಾಯಿತು.

ಐದು ವರ್ಷದ ಹಿಂದೆ ನಾವು ಐದು ಜನ ಸೇರಿ ಊರಲ್ಲಿ ರೈತರ ಸಂತೆ ಶುರು ಮಾಡಿದೆವು. ನಡುವೆ ದಲ್ಲಾಳಿ ಇರಬಾರದು, ಬೆಳೆದವರೇ ಬಂದು ಕೂತು ಮಾರಬೇಕು ಎನ್ನುವುದೊಂದೇ ಕರಾರು. ಪ್ರತಿ ಐತವಾರ ಬೆಳಗ್ಗೆ ಹಳೆಯ ಶಾಲೆಯ ಬಯಲನ್ನು ನಾವೇ ಗುಡಿಸುತ್ತೇವೆ, ತಾಡಪತ್ರಿ ಕಟ್ಟುತ್ತೇವೆ, ತಕ್ಕಡಿ ಇಡುತ್ತೇವೆ. ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ.

ಅಲ್ಲಿ ನಾವೇ ಹುಟ್ಟಿಸಿದ ಒಂದು ರೂಢಿ ಇತ್ತು. ಹೊಸಬರು ಬಂದ ಮೊದಲ ದಿನ ನಮ್ಮಲ್ಲೊಬ್ಬರು ಶಾಲೆಯ ಗಂಟೆ ಬಾರಿಸಿ ಜನರನ್ನು ಕರೆದು, ಅವರ ಬುಟ್ಟಿಯದನ್ನು ಎಲ್ಲರ ಎದುರು ನಿಂತು ತಿನ್ನಬೇಕು. ಇದಕ್ಕೆ ಬಾಯಿಬೋಣಿ ಎಂದು ಹೆಸರು. ನಾವು ತಿಂದರೆ ಆ ಮಾಲಿಗೆ ಊರಿನ ನಂಬಿಕೆ ಸಿಕ್ಕಿತು ಅಂತಲೇ ಲೆಕ್ಕ, ಆಮೇಲೆ ಗಿರಾಕಿಗಳು ತಾವಾಗಿ ಬರುತ್ತಾರೆ. ದೊಡ್ಡ ಗಂಟಲಿನವನೆಂದು ಆ ಕೆಲಸ ನನಗೆ ಬಿತ್ತು. ಒಮ್ಮೆ ಹಸಿ ಬದನೆಕಾಯಿ ತಿಂದಿದ್ದೇನೆ. ಇನ್ನೊಮ್ಮೆ ಹಸಿಮೆಣಸಿನಕಾಯಿ ಕಚ್ಚಿ ಕಣ್ಣೀರು ಸುರಿಸಿದಾಗ ಬಯಲಿಗೆ ಬಯಲೇ ಚಪ್ಪಾಳೆ ತಟ್ಟಿತ್ತು. ಅಷ್ಟು ಹುರುಪಿನ ಮನುಷ್ಯ ನಾನು.

ಪಂಚಶೀಲಾ ಬಂದದ್ದು ಎರಡು ವರ್ಷದ ಹಿಂದೆ, ಸಂಕ್ರಾಂತಿ ಕಳೆದ ಮೇಲಿನ ಐತವಾರ. ತಮ್ಮ ಹೊಲದ ಜೋಳದ ರೊಟ್ಟಿ, ತಮ್ಮದೇ ಶೇಂಗಾದ ಹಿಂಡಿ, ಅಂದರೆ ಚಟ್ನಿಪುಡಿ. ಬಿಳಿ ಬಟ್ಟೆ ಹಾಸಿ, ಹತ್ತತ್ತು ರೊಟ್ಟಿಯ ಕಟ್ಟು ಜೋಡಿಸಿ, ಗಾಜಿನ ಡಬ್ಬಿಯಲ್ಲಿ ಹಿಂಡಿ ಇಟ್ಟಿದ್ದರು. ಆ ಹೊತ್ತಿಗೆ ಉಳಿದ ಗೆಳೆಯರು ಗಾಡಿ ನಿಲ್ಲಿಸುವ ಕಡೆ, ತಕ್ಕಡಿಯ ಕಡೆ ಇದ್ದರು. ಪಕ್ಕದಲ್ಲಿ ಪೇರಲ ಹಣ್ಣಿನ ಬಾಳಮ್ಮ, ಅವಳಿಗೂ ಅದು ಮೊದಲ ದಿನ. ಅವಳ ಬೋಣಿ ಮುಗಿಸಿ, ಬಾಯಿ ಒರೆಸಿಕೊಂಡು, ಪಂಚಶೀಲಾ ಅವರ ಮುಂದೆ ಬಂದು ಗಂಟೆ ಬಾರಿಸಿದೆ. ಮೂವತ್ತು ನಲವತ್ತು ಜನ ಸುತ್ತ ನಿಂತರು.

ಆ ದಿನ ನನ್ನ ಜೊತೆ ಅಫಜಲಪುರದ ಶಾಂತಲಿಂಗಪ್ಪನವರು ಇದ್ದರು. ದೊಡ್ಡ ಹೊಲಮನೆಯವರು. ಅವರ ಮಗನಿಗೆ ನನ್ನ ಮಗಳು ಸೃಷ್ಟಿಯನ್ನು ಕೊಡುವ ಮಾತು ನಡೆದಿತ್ತು. ಬೀಗನಾಗುವವನು ಐತವಾರ ಏನು ಮಾಡುತ್ತಾನೆ ನೋಡೋಣ ಎಂದು ಬಂದಿದ್ದರು. ಅವರು ನನ್ನ ಕಿವಿಯ ಹತ್ತಿರ ಬಗ್ಗಿ, "ಯಾವ ಮಂದಿರಿ ಇವರು?" ಎಂದು ಕೇಳಿದರು.

ನಾನು ಹೇಳುವ ಮೊದಲೇ ಹಿಂದೆ ನಿಂತವನೊಬ್ಬ ಓಣಿಯ ಹೆಸರು ಹೇಳಿದ. ಇಜೇರಿಯಲ್ಲಿ ಬೌದ್ಧರಾದ ದಲಿತರ ಮನೆಗಳಿರುವ ಓಣಿ. "ಹೌದೇನು," ಅಂದರು ಶಾಂತಲಿಂಗಪ್ಪನವರು. ಅಷ್ಟೇ. ಬೇಡ ಅನ್ನಲಿಲ್ಲ, ಮುಖ ಗಂಟಿಕ್ಕಲಿಲ್ಲ. ತಪ್ಪನ್ನು ಅವರ ಮೇಲೆ ಹೇರಿ ಪಾರಾಗೋಣವೆಂದರೆ ಅದಕ್ಕೂ ದಾರಿಯಿಲ್ಲ.

ಪಂಚಶೀಲಾ ರೊಟ್ಟಿ ಮುರಿದು, ಅದರ ಮೇಲೆ ಹಿಂಡಿ ಹಾಕಿ, ನಾಲ್ಕು ಹನಿ ಎಣ್ಣೆ ಬಿಟ್ಟು, "ತಗೋರಿ ಸರ," ಎಂದು ನನ್ನ ಕಡೆ ಹಿಡಿದರು. ಚಾಚಿದ್ದ ನನ್ನ ಕೈ ಹಿಂದೆ ಸರಿಯಿತು.

"ಇವತ್ತ ನನಗ ಉಪವಾಸ ಅದರಿ," ಅಂದೆ.

ನಾವು ಸೋಮವಾರ ಮಾಡುವವರೆಂದು ಊರಿಗೆಲ್ಲ ಗೊತ್ತು. ಬಾಳಮ್ಮ ಪಾಪ, ಸೂಕ್ಷ್ಮ ಗೊತ್ತಿಲ್ಲದ ಹೆಂಗಸು, "ಅಯ್ಯ, ಈಗರೆ ನನ್ನ ಪ್ಯಾರಲ ತಿಂದ್ರಲ್ರಿ ಸರ!" ಎಂದು ದೊಡ್ಡ ದನಿಯಲ್ಲೇ ಅಂದಳು. ಯಾರೋ ಕಿಸಕ್ಕನೆ ನಕ್ಕರು. ನನ್ನ ಹಲ್ಲಿನ ಸಂದಿಯಲ್ಲಿ ಆ ಹಣ್ಣಿನ ಬೀಜ ಇನ್ನೂ ಇತ್ತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅನ್ನಿಸಿದ್ದೇ ಬಂತು, ಕೈಯನ್ನಂತೂ ಮತ್ತೆ ಚಾಚಲಿಲ್ಲ.

ಪಂಚಶೀಲಾ ನನ್ನ ಮುಖವನ್ನೊಮ್ಮೆ ನೋಡಿದರು. "ಇರ್ಲಿ ಬಿಡ್ರಿ, ಉಪವಾಸ ಇದ್ದವರಿಗೆ ಜುಲುಮಿ ಮಾಡಬಾರದು," ಎಂದು ಆ ತುಂಡನ್ನು ತಮ್ಮ ಬಾಯಿಗೇ ಹಾಕಿಕೊಂಡರು. ನಲವತ್ತು ಜನರ ನಡುವೆ ಒಬ್ಬರೇ ಅದನ್ನು ಅಗಿದು ನುಂಗಿದರು. ಜನ ಚದುರಿದರು.

ಆ ದಿನ ಅವರ ಹತ್ತಿರ ರೊಟ್ಟಿ ಕೊಂಡವಳು ಹೊರಗಿನ ಊರಿನ ಒಬ್ಬ ನರ್ಸಮ್ಮ ಮಾತ್ರ. ನಾನು ಬಾಯಿಗಿಟ್ಟಿದ್ದರೂ ಎಲ್ಲರೂ ಕೊಳ್ಳುತ್ತಿದ್ದರು ಎನ್ನಲಾರೆ. ಆದರೆ ಕೊಳ್ಳಬೇಕೋ ಬೇಡವೋ ಎಂದು ಅಳೆದು ಸುರಿದು ನಿಂತವರಿಗೆಲ್ಲ ನಾನು ದಾರಿ ತೋರಿಸಿದ್ದೆ. ಸಮಾಜ ವಿಜ್ಞಾನದ ಮೇಷ್ಟ್ರೇ ತಿನ್ನಲಿಲ್ಲವೆಂದ ಮೇಲೆ ಇನ್ನುಳಿದವರ ಪಾಡೇನು.

ಮುಂದಿನ ಐತವಾರ ತಿಂದುಬಿಡುತ್ತೇನೆ ಎಂದು ರಾತ್ರಿಯೆಲ್ಲ ಲೆಕ್ಕ ಹಾಕಿದೆ. ಆ ಐತವಾರ ಬೆಳಗಾದರೆ, ಬೋಣಿ ಮೊದಲ ದಿನದ್ದು, ಈಗ ಗಂಟೆ ಬಾರಿಸಿದರೆ ಯಾಕೆಂದು ಕೇಳುತ್ತಾರೆ ಎಂಬ ಇನ್ನೊಂದು ಲೆಕ್ಕ. ಹೇಡಿಗೆ ಲೆಕ್ಕಗಳಿಗೇನು ಬರ. ಮಧ್ಯಾಹ್ನ ಸಂತೆ ಕಿತ್ತು ಬಯಲು ಖಾಲಿಯಾದ ಮೇಲೆ ಹೋಗಿ ಎರಡು ಕಟ್ಟು ಕೊಂಡೆ. ಅವರು ಕಟ್ಟಿಕೊಡುತ್ತಾ, "ಉಪವಾಸ ಮುಗೀತೇನ್ರಿ ಸರ?" ಎಂದು ನಕ್ಕರು. ನಾನೂ ನಕ್ಕೆ. ನಗುವುದಕ್ಕೂ ನಾಚಿಕೆ ಇರಬೇಕು. ಮನೆಗೆ ಬಂದು ಹೆಂಡತಿ ಗಂಗಾಬಾಯಿ ಬಡಿಸಿದ ಪಲ್ಯದ ಜೊತೆ ಮೂರು ರೊಟ್ಟಿ ತಿಂದೆ. ಅಷ್ಟು ಒಳ್ಳೆಯ ರೊಟ್ಟಿ ನಮ್ಮ ಮನೆಯಲ್ಲಿ ಯಾವತ್ತೂ ಆಗಿಲ್ಲ.

ನಾಲ್ಕು ಐತವಾರ ಬಂದರು. ಪ್ರತಿ ಸಲ ಜಗದೇವ ತುಂಬಿದ ಬುಟ್ಟಿಯನ್ನೇ ಟಂಟಂಗೆ ಏರಿಸಿಕೊಂಡು ಹೋಗುತ್ತಿದ್ದರು. ಐದನೆಯ ವಾರ ಬರಲಿಲ್ಲ. ಮನೆಮನೆಯಲ್ಲಿ ರೊಟ್ಟಿ ಬಡಿಯುವ ಊರಲ್ಲಿ ರೊಟ್ಟಿ ಯಾರು ಕೊಳ್ಳುತ್ತಾರೆ ಎಂದು ಗೆಳೆಯರು ಮಾತಾಡಿಕೊಂಡರು. ಇದೇ ಸಂತೆಯಲ್ಲಿ ಮಣ್ಣೂರಿನ ಗುರುಬಾಯಿಯ ರೊಟ್ಟಿ ಹತ್ತು ಗಂಟೆಯೊಳಗೆ ಖಾಲಿಯಾಗುತ್ತದೆ ಎಂಬುದು ನನಗೆ ನೆನಪಿತ್ತು. ಆದರೂ ಹೌದೆಂದು ತಲೆಯಾಡಿಸಿದೆ. ಆ ವೈಶಾಖದಲ್ಲಿ ಸೃಷ್ಟಿಯ ಮದುವೆಯೂ ಆಯಿತು. ಶಾಂತಲಿಂಗಪ್ಪನವರಿಗೆ ಆ ರೊಟ್ಟಿಯ ನೆನಪು ಕೂಡ ಇರಲಿಕ್ಕಿಲ್ಲ.

ಹೋದ ತಿಂಗಳು ಸಂತೆಯ ಐದನೇ ವರ್ಷದ ಕಾರ್ಯಕ್ರಮಕ್ಕೆ ಸಭೆ ಸೇರಿದೆವು. ಜಿಲ್ಲೆಯಿಂದ ಅಧಿಕಾರಿಗಳು ಬರುವವರಿದ್ದರು. ಸಂತೆಯ ಹಿರಿಯ ವಿಶ್ವಾರಾಧ್ಯ, "ಆ ಇಜೇರಿ ರೊಟ್ಟಿ ಅಕ್ಕಾರನ್ನ ಕರೀರಿ. ಎಲ್ಲಾ ಮಂದಿನೂ ಇದ್ದಾರಂತ ಫೋಟೊದಾಗ ಕಾಣಬೇಕಲ್ರಿ," ಅಂದರು. ನನ್ನನ್ನು ಕಳಿಸಿದರು. ನಾನಾಗಿ ಹೋದದ್ದಲ್ಲ, ಇದನ್ನೂ ಬರೆದೇಬಿಡುತ್ತೇನೆ.

ಮನೆಯ ಮುಂದೆ ಹೊಸ ತಗಡಿನ ಚಪ್ಪರ. ಅದರ ಕೆಳಗೆ ಆರು ಹೆಂಗಸರು ರೊಟ್ಟಿ ಬಡಿಯುತ್ತಿದ್ದರು, ನಡುವೆ ಪಂಚಶೀಲಾ. ಕಲಬುರಗಿಯ ಹಾಸ್ಟೆಲು, ಖಾನಾವಳಿಗಳಿಗೆ ವಾರಕ್ಕೆ ಮೂರು ಸಲ ಮಾಲು ಹೋಗುತ್ತದಂತೆ. ನಾನು ಕೂತೆನೋ ಇಲ್ಲವೋ, ಸಾಬವ್ವ ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕಿದ ತಾಟು ತಂದಿಟ್ಟರು. "ಉಣ್ಣೋ ತಮ್ಮ, ಬಿಸಲಾಗ ಬಂದೀ," ಅಂದರು. ಹಸಿವಿರಲಿಲ್ಲ. ಆದರೂ ಗಬಗಬ ತಿಂದೆ, ನೋಡಲಿ ಎಂದೇ ತಿಂದೆ. ತಿನ್ನುತ್ತಲೇ ಹೇಳಿದೆ, "ಅವತ್ತ ನಾ ಸುಳ್ಳು ಹೇಳಿದೆರಿ. ಭಾಳ ತಪ್ಪಾತು. ಈ ಸಲ ಬರ್ರಿ, ಅಧಿಕಾರಿಗಳ ಮುಂದ, ಎಲ್ಲರ ಮುಂದ ನಿಮ್ಮ ರೊಟ್ಟಿ ತಿಂತೇನಿ."

ಪಂಚಶೀಲಾ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಸುಳ್ಳಂತ ಅವತ್ತೇ ಗೊತ್ತಾತ್ರಿ ಸರ. ಇಲ್ಲಿ ತಿಂತೀರಿ ಅಂತನೂ ಗೊತ್ತದ. ನಿಮ್ಮ ಮನ್ಯಾಗೂ ತಿಂದೀರಿ. ಬಾಜಾರದಾಗ ತಿನ್ನಾಕ ಆಗ್ಲಿಲ್ಲ." ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ನನ್ನ ಕಡೆ ತಿರುಗಿದರು. "ನಾ ರೊಟ್ಟಿ ಮಾರಾಕ ಬಂದಿದ್ದೆರಿ, ನಿಮ್ಮ ಪರೀಕ್ಷಾ ಮಾಡಾಕಲ್ಲ. ಈಗ ನೀವು ಪಾಸಾಗಬೇಕಂತ ನಾ ಮತ್ತ ಬುಟ್ಟಿ ಹೊತ್ಕೊಂಡು ಬರಬೇಕೇನ್ರಿ? ನಾ ಬರಂಗಿಲ್ರಿ."

ದನಿಯಲ್ಲಿ ಸಿಟ್ಟಿರಲಿಲ್ಲ. "ಇನ್ನೊಂದ್ ಹಾಕವ್ವಾ ಸರಗೆ," ಎಂದು ಅತ್ತೆಗೆ ಹೇಳಿದರು. ಸಾಬವ್ವ ಹಾಕಿದರು.

ಸಂಜೆ ವಿಶ್ವಾರಾಧ್ಯ ಫೋನ್ ಮಾಡಿ, "ಏನಂದ್ರು ರೊಟ್ಟಿ ಅಕ್ಕಾರು?" ಎಂದು ಕೇಳಿದರು. ಹೇಳಬೇಕಾದದ್ದೆಲ್ಲ ನಾಲಿಗೆಯ ಮೇಲೇ ಇತ್ತು.

"ಪುರಸೊತ್ತಿಲ್ಲಂತರಿ. ಆರ್ಡರ್ ಭಾಳ ಅವಂತ," ಅಂದೆ.

"ಛಲೋ ಆತು ಬಿಡ್ರಿ. ನಮ್ಮ ಸಂತಿಯಿಂದನೇ ಅವರು ಮ್ಯಾಲ ಬಂದ್ರು ಅಂತ ಭಾಷಣದಾಗ ಹೇಳೋಣೇನ್ರಿ?"

"ಹೇಳ್ರಿ," ಅಂದೆ.