ಗೋವೆ ದಾಟುವವರೆಗೆ

ಅದು ೧೯೪೬ನೇ ಇಸವಿ, ದೀಪಾವಳಿ ಕಳೆದ ಮೇಲಿನ ಮಾತು. ನನಗೆ ಮದುವೆಯಾಗಿ ಒಂದು ಮಳೆಗಾಲ ಮುಗಿದಿತ್ತು. ನಮ್ಮ ಯಜಮಾನರು ಬೊಂಬಾಯಿಯಲ್ಲಿ ಬಟ್ಟೆ ಅಂಗಡಿಯ ಕೆಲಸದಲ್ಲಿದ್ದರು, ನಾನು ಬೈಂದೂರಿನಲ್ಲಿ ಅತ್ತೆಯ ಜೊತೆಗಿದ್ದೆ. ಬಾಡಿಗೆಗೆ ಖೋಲಿ ಸಿಕ್ಕಿದೆ, ಕಳಿಸಿಕೊಡಿ ಎಂದು ಅವರು ಹೇಳಿಕಳುಹಿಸಿದಾಗ ನನ್ನನ್ನು ಕರೆದೊಯ್ಯಲು ಬಂದವನು ನನ್ನ ಅಣ್ಣ.

ನಮ್ಮ ತವರು ಹೆಮ್ಮಾಡಿ. ಅಣ್ಣಯ್ಯ ಬೊಂಬಾಯಿಯ ಒಂದು ಹೋಟೆಲಿನಲ್ಲಿ ಅಡುಗೆಗಿದ್ದ. ಅವನ ಜೊತೆ ಬ್ರಹ್ಮಾವರದ ಶೀನಣ್ಣನೂ ಬಂದಿದ್ದ. ಅದೇ ಹೋಟೆಲಿನಲ್ಲಿ ತಿಂಡಿ ಮಾಡುವವ. ಇಬ್ಬರೂ ಒಂದೇ ಖೋಲಿಯಲ್ಲಿದ್ದರು, ಊರಿಗೆ ಬಂದರೂ ಒಟ್ಟಿಗೇ ಬರುತ್ತಿದ್ದರು.

ಅಣ್ಣಯ್ಯ ಮದುವೆ ಬೇಡವೆಂದು ಹಟ ಹಿಡಿದಿದ್ದ. ಹೆತ್ತ ಅಬ್ಬಿ ಎಷ್ಟು ಅತ್ತರೂ ಕರಗಲಿಲ್ಲ. ಯಾಕೆಂದು ನನಗೆ ಯಾರೂ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಶೀನಣ್ಣ ಅಂಗಳಕ್ಕೆ ಕಾಲಿಟ್ಟರೆ ಅಣ್ಣಯ್ಯನ ಮುಖ ಹೇಗಾಗುತ್ತಿತ್ತೆಂದು ಚಿಕ್ಕಂದಿನಿಂದ ನೋಡಿದವಳು ನಾನು. ಅದಕ್ಕೊಂದು ಹೆಸರಿದೆಯೆಂದು ಮಾತ್ರ ಗೊತ್ತಿರಲಿಲ್ಲ.

ನನಗೆ ನೀರೆಂದರೆ ವಿಪರೀತ ಹೆದರಿಕೆ. ಹಡಗಿನ ಹೆಸರೆತ್ತಿದರೆ ಅಳು ಬರುತ್ತಿತ್ತು.

“ಹಡಗ್ ಬ್ಯಾಡ ಬಿಡ್. ಗೋವೆ ಮೇಲೆ ಹ್ವಾಪ, ಅಲ್ಲಿಂದ ರೈಲಿತ್ತ್” ಎಂದು ಶೀನಣ್ಣನೇ ದಾರಿ ಗೊತ್ತುಮಾಡಿದ. ಹಾಗೆ ಹೊರಟೆವು. ದಾರಿಯ ಹೊಳೆಗಳನ್ನು ದೋಣಿಯಲ್ಲಿ ಕಣ್ಣು ಮುಚ್ಚಿಕೊಂಡೇ ದಾಟಿದೆ.

ಕಾರವಾರ ತಲುಪುವಷ್ಟರಲ್ಲಿ ಅಣ್ಣಯ್ಯನಿಗೆ ಚಳಿಜ್ವರ ಹಿಡಿಯಿತು. ಗೋವೆ ಆಗ ಪೋರ್ಚುಗೀಸರದು. ನಮಗೆ ಅದು ಪರದೇಶವೇ. ಅಲ್ಲಿ ಆ ವರ್ಷ ಚಳವಳಿ ಎದ್ದಿದ್ದರಿಂದ ಹೊರಗಿನವರನ್ನು ಕಂಡರೆ ಸಂಶಯ. ನಾವು ಹೋದ ಗಡಿ ಚೌಕಿಯಲ್ಲಿ ಶುಲ್ಕ ಕಟ್ಟಿ, ಊರು ಸಂಬಂಧ ಎಲ್ಲ ಹೇಳಿ ಚೀಟಿ ಮಾಡಿಸಿಕೊಳ್ಳಬೇಕಿತ್ತು. ಸರದಿ ಬರುವ ತನಕ ಹೊರಗೆ ಮರದ ಕೆಳಗೆ ಕೂತೆವು. ಅಣ್ಣಯ್ಯ ಗಡಗಡ ನಡುಗುತ್ತ ಶೀನಣ್ಣನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ. ಶೀನಣ್ಣ ಅವನ ತಲೆ ನೇವರಿಸುತ್ತಿದ್ದ. ಒಮ್ಮೆ ಬಗ್ಗಿ ಹಣೆಗೆ ಮುತ್ತು ಕೊಟ್ಟ. ನಾನಿದ್ದೇನೆಂಬುದೂ ಅವನಿಗೆ ಮರೆತಿತ್ತು.

ಅದನ್ನು ಒಬ್ಬ ಪೊಲೀಸಿನವ ನೋಡಿದ.

ಮೂವರನ್ನೂ ಒಳಗೆ ಕರೆದರು. ಮೇಜಿನ ಹಿಂದೆ ಬಿಳಿಯ ಅಧಿಕಾರಿ, ಪಕ್ಕದಲ್ಲಿ ಕೊಂಕಣಿ ಮಾತಾಡುವ ದುಭಾಷಿ, ಹಣೆಯಲ್ಲಿ ಕುಂಕುಮ ಇಟ್ಟುಕೊಂಡ ನಡುವಯಸ್ಸಿನವರು. ನಮ್ಮ ನೆರೆಮನೆಯವರು ಕೊಂಕಣಿಗರಾದ್ದರಿಂದ ನನಗೆ ಆ ಭಾಷೆ ಬರುತ್ತಿತ್ತು. ದುಭಾಷಿ ಕೆಳದನಿಯಲ್ಲಿ ಹೇಳಿದರು: “ಈ ಇಬ್ಬರು ಗಂಡಸರ ನಡುವೆ ಏನಿದೆ ಎಂದು ಸಾಹೇಬರು ಕೇಳುತ್ತಿದ್ದಾರೆ. ಅವರ ಸಂಶಯ ನಿಜವಾದರೆ ಇಲ್ಲಿ ಅಪರಾಧ. ಲಾಕಪ್ಪಿಗೆ ಹಾಕುತ್ತಾರೆ. ಆಮೇಲೆ ನಿಮ್ಮ ಕಡೆಯ ಪೊಲೀಸರಿಗೆ ಒಪ್ಪಿಸಿದರೆ ಅಲ್ಲಿಯೂ ಇದಕ್ಕೆ ಜೈಲೇ.”

ಅಣ್ಣಯ್ಯ ಗೋಡೆ ಹಿಡಿದು ನಿಂತಿದ್ದ. ಆ ಜ್ವರದಲ್ಲಿ ಲಾಕಪ್ಪಿಗೆ ಹಾಕಿದರೆ ಅವನು ಉಳಿಯುವುದಿಲ್ಲ ಎನಿಸಿತು. ಬೇರೆ ಯೋಚನೆ ಬರಲಿಲ್ಲ. ಶೀನಣ್ಣನ ಕಡೆ ಕೈ ತೋರಿಸಿ, “ಇವರು ನನ್ನ ಗಂಡ, ಅವನು ನನ್ನ ಅಣ್ಣ. ಭಾವನಿಗೆ ಜ್ವರ ಬಂದರೆ ನೋಡಿಕೊಳ್ಳಬಾರದೆ?” ಎಂದೆ.

ಅಧಿಕಾರಿ ನನ್ನ ಕರಿಮಣಿ ನೋಡಿದ. ಏನೋ ಕೇಳಿದ.

“ಗಂಡನ ಹೆಸರು ಹೇಳು ಅನ್ನುತ್ತಿದ್ದಾರೆ” ಎಂದರು ದುಭಾಷಿ.

ಶೀನಣ್ಣ ಅನ್ನುವುದು ಬಿಟ್ಟರೆ ಅವನ ಪೂರ್ತಿ ಹೆಸರು, ಅವನ ಅಪ್ಪಯ್ಯನ ಹೆಸರು ಯಾವುದೂ ನನಗೆ ಗೊತ್ತಿರಲಿಲ್ಲ. ಏನೂ ತೋಚದೆ ತಲೆ ತಗ್ಗಿಸಿ ಸೆರಗಿನ ಚುಂಗು ಹಿಡಿದು ನಿಂತೆ. ದುಭಾಷಿ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅಧಿಕಾರಿಯ ಕಡೆ ತಿರುಗಿ ನಗುತ್ತ ಅವರ ಭಾಷೆಯಲ್ಲಿ ಏನೋ ವಿವರಿಸಿದರು. ನಮ್ಮ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ ಎಂದಿರಬೇಕು. ಅಧಿಕಾರಿಯೂ ನಕ್ಕ. ಹೆಸರನ್ನು ಶೀನಣ್ಣನಿಂದಲೇ ಕೇಳಿ ಬರೆದುಕೊಂಡರು. ನನಗೂ ಶೀನಣ್ಣನಿಗೂ ಗಂಡ ಹೆಂಡತಿಯೆಂದು ಒಂದು ಚೀಟಿ, ಅಣ್ಣಯ್ಯನಿಗೆ ಬೇರೆ.

ಚೀಟಿ ಕೊಡುವಾಗ ದುಭಾಷಿ ಹೇಳಿದರು: “ತಂಗೀ, ಗೋವೆ ದಾಟುವವರೆಗೆ ಗಂಡನ ಪಕ್ಕದಲ್ಲೇ ಕೂತುಕೊ. ರೈಲಿನಲ್ಲೂ ಪೊಲೀಸರು ಇರುತ್ತಾರೆ.”

ಅವರಿಗೆ ಎಲ್ಲ ಅರ್ಥವಾಗಿತ್ತು. ಕೈ ಮುಗಿಯೋಣವೆಂದರೆ ಆಗಲೇ ಹಿಂದಿನವರನ್ನು ಕರೆಯುತ್ತಿದ್ದರು.

ಹೊರಗೆ ಬಂದ ಮೇಲೆ ಅಣ್ಣಯ್ಯ, “ಎಂತ ಹೇಳ್ಬಿಟ್ಟೆ ಗಿರಿಜೆ! ಭಾವಂಗೆ ಗೊತ್ತಾರೆ ನಿನ್ ಗತಿ ಎಂತ?” ಎಂದ.

“ನಾನೇ ಹೇಳ್ತೆ ಅವ್ರಿಗೆ. ನೀ ಸುಮ್ನಿರ್” ಎಂದೆ. ಧೈರ್ಯ ಬಾಯಲ್ಲಿ ಮಾತ್ರ ಇತ್ತು.

ಮಡಗಾಂವಿನಲ್ಲಿ ರೈಲು ಹತ್ತಿದೆವು. ದುಭಾಷಿ ಹೇಳಿದಂತೆ ನಮ್ಮ ಡಬ್ಬಿಯಲ್ಲೇ ಒಬ್ಬ ಪೊಲೀಸಿನವ ಕೂತಿದ್ದ. ನಾನು, ಶೀನಣ್ಣ ಒಂದು ಕಡೆ. ಎದುರಿನ ಬೆಂಚಿನಲ್ಲಿ ಅಣ್ಣಯ್ಯ ಮುದುಡಿ ಬಿದ್ದಿದ್ದ, ನಡುನಡುವೆ ನರಳುತ್ತಿದ್ದ. ಶೀನಣ್ಣ ತನ್ನ ಕೈಗಳನ್ನು ಒಂದರ ಮೇಲೊಂದು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ನೋಡುತ್ತಿದ್ದ. ಒಮ್ಮೆ ಮಾತ್ರ, ನನ್ನ ಕಡೆ ತಿರುಗದೆ ಹೇಳಿದ: “ವಸ್ತ್ರ ಚಂಡಿ ಮಾಡಿ ಹಣಿ ಮೇಲ್ ಹಾಕ್. ಕುತ್ಗಿಗೂ ಒರ್ಸ್.” ಚೊಂಬಿನ ನೀರಿನಲ್ಲಿ ಬಟ್ಟೆ ಅದ್ದಿ ಅವನು ಹೇಳಿದ ಹಾಗೆ ಮಾಡಿದೆ.

ಗೋವೆಯ ಗಡಿಯಲ್ಲಿ ಆ ಪೊಲೀಸಿನವ ಇಳಿದುಹೋದ. ಕ್ಯಾಸಲ್‌ರಾಕಿನಲ್ಲಿ ನಮ್ಮ ಕಡೆಯ ತಪಾಸಣೆ ಮುಗಿದು ರೈಲು ಹೊರಟಿತು. ನಾನು ಎದ್ದು, “ಶೀನಣ್ಣ, ಈಗ ನೀ ಅಲ್ ಕೂಕೋ” ಎಂದೆ.

“ಇಲ್ಲೂ ಕಾನೂನ್ ಅದೇ ಅಲ್ದಾ ಗಿರಿಜೆ?” ಎಂದ.

ನಾನು ಅಣ್ಣಯ್ಯನ ಮೇಲೆ ಕಂಬಳಿ ಹೊದೆಸಿ, ಓಡಾಡುವ ದಾರಿಯ ಕಡೆ ಅಡ್ಡವಾಗಿ ಕೂತೆ. ಆಮೇಲೆ ಶೀನಣ್ಣ ಎದುರು ಬೆಂಚಿಗೆ ಹೋದ. ಕಂಬಳಿಯೊಳಗೆ ಕೈ ಹಾಕಿ ಅಣ್ಣಯ್ಯನ ಕೈ ಹಿಡಿದುಕೊಂಡ. ಅಣ್ಣಯ್ಯನಿಗೆ ನಿದ್ದೆ ಬಂತು.

ಬೊಂಬಾಯಿಯಲ್ಲಿ ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಎರಡು ದಿನ ಅವರು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಚಾ ಕುಡಿಯುತ್ತ, “ಮತ್ತೆಂತ ಮಾಡೂಕಾತಿತ್ತ್? ಅವ್ರನ್ನ ಅಲ್ಲೇ ಬಿಟ್ಟಿಕ್ ಬಪ್ಪುಕಾತಿತ್ತಾ?” ಎಂದರು. ಅಣ್ಣಯ್ಯನ ಖೋಲಿಗೆ ನನ್ನನ್ನು ತಾವೇ ಕರೆದುಕೊಂಡು ಹೋದರು. ಅಣ್ಣಯ್ಯ ಎದ್ದು ಕೂತು ಗಂಜಿ ಉಣ್ಣುತ್ತಿದ್ದ.

ಅವರಿಬ್ಬರೂ ಮುಪ್ಪಿನವರೆಗೆ ಅದೇ ಖೋಲಿಯಲ್ಲಿದ್ದರು. ಈಗ ಇಬ್ಬರೂ ಇಲ್ಲ, ನಮ್ಮ ಯಜಮಾನರೂ ಇಲ್ಲ. ನನಗೆ ತೊಂಬತ್ತು ದಾಟಿದೆ. ಹಾಗೆ ಬದುಕುವುದು ಇನ್ನು ನಮ್ಮ ದೇಶದಲ್ಲಿ ಅಪರಾಧವಲ್ಲ ಎಂದು ಕೋರ್ಟು ಹೇಳಿದ್ದನ್ನು ಮೊಮ್ಮಗಳು ಪೇಪರಿನಲ್ಲಿ ಓದಿ ತಿಳಿಸಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ಆ ರೈಲು. ಸುಳ್ಳು ಹೇಳಿದ್ದಕ್ಕೆ ನನಗೆ ಯಾವತ್ತೂ ಬೇಸರವಾಗಿಲ್ಲ. ಆದರೆ ಗೋವೆ ದಾಟುವವರೆಗೆ ಒದ್ದೆ ಬಟ್ಟೆ ಹಿಡಿದು ಶೀನಣ್ಣ ಇರಬೇಕಾದ ಜಾಗದಲ್ಲಿ ನಾನು ಕೂತಿದ್ದೆನಲ್ಲ, ಅದು ಈಗಲೂ ಕೊರೆಯುತ್ತದೆ.