ಹತ್ತಕ್ಕೆ ಹತ್ತೂ ನನ್ನದೇ ಹೆಸರು

ಕಲ್ಲಡ್ಕದ ಝುಬೈದಾ ಅವರ ಕಂಪ್ಯೂಟರನ್ನು ನಾನು ಒಂದೇ ದಿನದಲ್ಲಿ ರಿಪೇರಿ ಮಾಡಿದ್ದೆ. ಆದರೆ ಅದರಲ್ಲೊಂದು ಇಟ್ಟಿಗೆ ಒಡೆಯುವ ಗೇಮ್ ಇತ್ತು ಮಾರಾಯ್ರೆ! ಆ ಚೆಂಡಿನ ಟಕ್ ಟಕ್ ಈಗಲೂ ಕಿವಿಯಲ್ಲುಂಟು. "ಪಾರ್ಟ್ ಮಂಗಳೂರಿನಿಂದ ಬರಬೇಕು" ಎಂದು ನಮ್ಮ ಕಸುಬಿನ ಹಳೇ ಸುಳ್ಳು ಹೇಳಿ, ಬಂಟ್ವಾಳದ ನನ್ನ ಅಂಗಡಿಯಲ್ಲಿಟ್ಟುಕೊಂಡು ಎರಡು ವಾರ ಆಡಿದೆ.

ಒಯ್ಯಲು ಬಂದ ದಿನ ಅವರು ಮೊದಲು ತೆರೆದದ್ದೇ ಆ ಗೇಮ್. ಹೆಚ್ಚು ಅಂಕ ಪಡೆದವರ ಪಟ್ಟಿಯಲ್ಲಿ ನಿಲ್ಲುವುದು ಹತ್ತೇ ಹೆಸರು. ಹತ್ತೂ ನನ್ನದೇ.

ಅವರು ಬೈಯಲಿಲ್ಲ. ಪಟ್ಟಿಯನ್ನು ಎರಡು ಸಲ ಓದಿದರು.

"ಇದರಲ್ಲಿ ನಮ್ಮವರ ಹೆಸರಿತ್ತಲ್ಲ? ರಜೆಯಲ್ಲಿ ಬಂದಾಗ ಆಡಿದ್ದು. ಅವರು ದುಬೈಗೆ ಹೋದ ಮೇಲೆ ನಾನು ದಿನಾ ತೆಗೆದು ನೋಡ್ತಿದ್ದೆ."

ಆ ಹೆಸರನ್ನು ನನ್ನ ಅಂಕಗಳೇ ಪಟ್ಟಿಯಿಂದ ಹೊರಗೆ ತಳ್ಳಿದ್ದವು. ಆ ಪಾರ್ಟ್ ಮಾತ್ರ ಮಂಗಳೂರಿನಲ್ಲೂ ಸಿಗುವುದಿಲ್ಲ.