ಗಂಟು ಹಾಕಿದ ಕೆಂಪು ದಾರ

ಆ ಬೀದಿಯ ಪುಟ್ಟ ಕಾಫಿ ಅಂಗಡಿಯ ಒಡತಿಗೆ ಗಿರಾಕಿಗಳು ಬೆನ್ನ ಹಿಂದೆ ಇಟ್ಟ ಹೆಸರು ಫಿನಾಯಿಲಮ್ಮ. ಮೇಜಿನ ಮೇಲೆ ಒಂದು ಹನಿ ಬಿದ್ದರೆ ಸಾಕು, ಕುಡಿಯುವವನು ಲೋಟ ಕೆಳಗಿಡುವ ಮೊದಲೇ ಬಟ್ಟೆ ಹಿಡಿದು ಹಾಜರು. ಗಂಡ ಒಳಗೆ ಒಲೆ ನೋಡಿಕೊಳ್ಳುತ್ತಿದ್ದ, ಈಕೆ ಉಳಿದ ಪ್ರಪಂಚವನ್ನೆಲ್ಲ. ಇಷ್ಟು ಜೋರಿನ ಹೆಂಗಸು ಹೆದರುತ್ತಿದ್ದದ್ದು ಒಬ್ಬನಿಗೇ, ಲೈಸೆನ್ಸ್ ತಪಾಸಣೆಗೆ ಬರುವ ಇನ್‌ಸ್ಪೆಕ್ಟರಿಗೆ.

ಗಾಲಿಕುರ್ಚಿಯವರೂ ಬಂದುಹೋಗುವಂತಿರಬೇಕು, ಇಲ್ಲದಿದ್ದರೆ ಬೀಗ ಎಂದು ಆತ ಹೇಳಿಹೋದ ಮೇಲೆ ಆಕೆ ಮುಂದಿನ ಮೆಟ್ಟಿಲು ಒಡೆಸಿ ಇಳಿಜಾರು ಕಟ್ಟಿಸಿದಳು. ಶೌಚಾಲಯ ದೊಡ್ಡದಾಯಿತು. ಅದರ ಬಾಗಿಲು ಹೊರಕ್ಕೇ ತೆರೆಯಬೇಕಂತೆ, ಚಿಲಕವನ್ನು ಹೊರಗಿನಿಂದಲೂ ನಾಣ್ಯ ತಿರುಗಿಸಿ ತೆಗೆಯುವಂತಿರಬೇಕಂತೆ.

"ಇದ್ಯಾವ ಸೀಮೆ ಕಾನೂನು ರೀ? ಬಾಗಿಲು ತೆಗೆದ್ರೆ ಓಡಾಡೋರ ಮೂಗಿಗೆ ಬಡಿಯತ್ತೆ!" ಎಂದು ಗಂಡನ ಮುಂದೆ ಹಾರಾಡಿದಳು.

ಕೊನೆಗೆ ಶೌಚಾಲಯದ ಒಳಗಿನ ಗೋಡೆಗೆ ಒಂದು ಕೆಂಪು ದಾರ ಬಂತು. ಬಿದ್ದವರು ಅದನ್ನು ಎಳೆದರೆ ಗಲ್ಲಾದ ಬಳಿ ಗಂಟೆ ಹೊಡೆಯುತ್ತದೆ. ಅದಕ್ಕೇ ಅದನ್ನು ನೆಲದವರೆಗೂ ಇಳಿಬಿಡಬೇಕು.

ನೆಲದವರೆಗೆ! ಒರೆಸುವ ಬಟ್ಟೆಗೆ ದಿನಾ ಸಿಕ್ಕಿಕೊಂಡು ದಾರದ ತುದಿ ಕರ್ರಗಾಯಿತು. ಅದನ್ನು ನೋಡಿದರೇ ಆಕೆಗೆ ಮೈಯೆಲ್ಲ ಉರಿ. ಒಂದು ಬೆಳಿಗ್ಗೆ ಸುತ್ತಿ, ತಲೆಯೆತ್ತರದಲ್ಲಿ ಚೆಂದದ ಗಂಟು ಹಾಕಿದಳು. ಇನ್‌ಸ್ಪೆಕ್ಟರ್ ಬೀದಿಯ ತುದಿಯಲ್ಲಿ ಕಂಡರೆ ಬಿಚ್ಚಿದರಾಯಿತು, ಅಷ್ಟೇ ತಾನೆ?

ಪಕ್ಕದ ಮಳಿಗೆಯ ವಾಚ್ ರಿಪೇರಿಯವನಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಇಳಿಜಾರು ಬಂದಾಗಿನಿಂದ ಅವನು ಸಂಜೆಯ ಕಾಯಂ ಗಿರಾಕಿ. "ಅಕ್ಕಾ, ಇಷ್ಟು ವರ್ಷ ನಿಮ್ಮ ಕಾಫೀನ ಬರೀ ಮೂಗಲ್ಲೇ ಕುಡೀತಿದ್ದೆ" ಎಂದು ನಗಿಸುತ್ತಿದ್ದ.

ಒಂದು ಸಂಜೆ ಅಂಗಡಿ ಗಿಜಿಗುಡುತ್ತಿತ್ತು. ಒಳಗೆ ಮಿಕ್ಸಿ ಅರಚುತ್ತಿತ್ತು. ಅವನ ಲೋಟ ತೆಗೆಯಲು ಹೋದವಳು ನೋಡುತ್ತಾಳೆ, ಕಾಫಿ ಹಾಗೇ ಕೆನೆಗಟ್ಟಿದೆ, ಗಾಲಿಕುರ್ಚಿ ಇಲ್ಲ.

"ಆಗ್ಲೇ ಟಾಯ್ಲೆಟ್ಟಿಗೆ ಹೋದ್ರಲ್ಲ" ಎಂದರು ಪಕ್ಕದ ಮೇಜಿನವರು.

ಏನಾದರೂ ಆಗಿದ್ದರೆ ಗಂಟೆ ಹೊಡೆಯುತ್ತಿತ್ತು ಎಂದುಕೊಂಡು ಮೇಜು ಒರೆಸತೊಡಗಿದಳು. ಅರ್ಧ ಒರೆಸುವಾಗ ಗಂಟಿನ ನೆನಪಾಯಿತು.

ಶೌಚಾಲಯದತ್ತ ಓಡಿದಳು. "ತಮ್ಮಾ! ಲೋ ತಮ್ಮಾ!" ಬಾಗಿಲು ಬಡಿದಳು. ಉತ್ತರವಿಲ್ಲ. "ರೀ, ಆ ಹಾಳು ಮಿಕ್ಸಿ ನಿಲ್ಸ್ರೀ!" ಸದ್ದು ನಿಂತ ಮೇಲೆ ಬಾಗಿಲಿಗೆ ಕಿವಿ ಹಚ್ಚಿದಳು. ಒಳಗೆ ಯಾರೋ ಉಗುರಿನಿಂದ ಗೋಡೆ ಪರಚುತ್ತಿದ್ದರು, ತೀರಾ ಮೆಲ್ಲಗೆ. ಆಮೇಲೆ ಅದೂ ನಿಂತಿತು.

ಗಲ್ಲಾದಿಂದ ನಾಣ್ಯ ತಂದಳು. ಅವಸರಕ್ಕೆ ಅದು ಕೈಜಾರಿ ನೆಲಕ್ಕೆ ಬಿದ್ದು ಉರುಳಿತು. ದೇವರೇ, ದೇವರೇ ಎನ್ನುತ್ತ ಹೆಕ್ಕಿ ಮತ್ತೆ ತಿರುಗಿಸಿದಳು. ಬಾಗಿಲು ಹೊರಕ್ಕೆ ಬಂತು. ಅವನು ಬಾಗಿಲಿಗೆ ಅಡ್ಡಲಾಗಿ ಬಿದ್ದಿದ್ದ. ಒಳಕ್ಕೆ ತೆರೆಯುವ ಬಾಗಿಲಾಗಿದ್ದರೆ ಅವನ ಮೈಯೇ ಅದನ್ನು ತಡೆದಿರುತ್ತಿತ್ತು. ಹಣೆ ಒಡೆದು ರಕ್ತ. ಆಕೆ ಫಳಫಳ ಉಜ್ಜಿದ ಬಿಳಿ ಗೋಡೆಯ ಮೇಲೆ ಕೆಂಪು ಬೆರಳಚ್ಚುಗಳು ಒಂದರ ಮೇಲೊಂದು ಹತ್ತಿ, ಗಂಟಿಗಿಂತ ಬಹಳ ಕೆಳಗೇ ಮುಗಿದಿದ್ದವು.

ಆಂಬುಲೆನ್ಸ್ ಬರುವಷ್ಟರಲ್ಲಿ ಅವನು ಕಣ್ಣು ಬಿಟ್ಟ. "ಅಕ್ಕಾ, ದಾರ ಸಿಗ್ಲಿಲ್ಲ."

"ನಾನೇ ಮೇಲೆ ಕಟ್ಟಿದ್ದೆ ಕಣೋ."

"ಯಾಕಕ್ಕಾ?"

"ಕೊಳೆಯಾಗತ್ತೆ ಅಂತ."

ಅವನು ಮುಖ ಆಚೆ ತಿರುಗಿಸಿದ. ಬೈದಿದ್ದರೂ ಆಕೆಗೆ ಉಸಿರು ಬರುತ್ತಿತ್ತು.

ಹೊಲಿಗೆ ಬಿಚ್ಚಿದ ಮೇಲೆ ಅವನು ಮತ್ತೆ ಕಾಫಿಗೆ ಬಂದ. ನಡುವೆ ಕುರ್ಚಿ ತಿರುಗಿಸಿ ಹೊರಟದ್ದನ್ನು ಕಂಡು ಆಕೆ, "ಇಲ್ಲೇ ಹೋಗೋ, ಗಂಟು ಬಿಚ್ಚಿದೀನಿ" ಎಂದಳು.

"ಬೇಡಕ್ಕಾ, ಮನೇಗೆ ಹೋಗ್ಬರ್ತೀನಿ."

ಈಗ ಅವನ ಕುರ್ಚಿ ಇಳಿಜಾರು ಹತ್ತುವುದು ಕಂಡರೆ ಫಿನಾಯಿಲಮ್ಮ ಕೈಯ ಬಟ್ಟೆ ಬಿಸಾಕಿ ಒಳಗೋಡುತ್ತಾಳೆ. ಶೌಚಾಲಯದ ನೆಲದ ಮೇಲೆ ಬಿದ್ದವರ ಹಾಗೆ ಉದ್ದಕ್ಕೆ ಮಲಗಿ, ಕರ್ರಗಾದ ದಾರ ಹಿಡಿದು ಎಳೆಯುತ್ತಾಳೆ. ಗಲ್ಲಾದ ಬಳಿ ಗಂಟೆ ಜೋರಾಗಿ ಹೊಡೆಯುತ್ತದೆ. ಅವನು ಅದನ್ನು ಕೇಳುತ್ತಾನೆ, ಕಾಫಿ ಮುಗಿಸುತ್ತಾನೆ, ಇವತ್ತಿಗೂ ಮನೆಗೇ ಹೋಗಿಬರುತ್ತಾನೆ.